ಸ್ಪೋರ್ಟ್ಸ್ ಕಾರುಗಳಲ್ಲಿ ವಿದ್ಯುನ್ಮಾನ ಸ್ಥಿರತಾನಿಯಂತ್ರಣ

ವೇಗವೇ ಪ್ರಧಾನ ಗುಣವಾಗಿರುವ ವಾಹನಕ್ಕೆ, ಚಾಲಕನ ಅಪ್ಪಣೆಯನ್ನು ಕೇಳದೆಯೇ ಆ ವೇಗವನ್ನು ಕುಗ್ಗಿಸುವ ಸಾಧನವೊಂದನ್ನು ಜೋಡಿಸುವುದು ಮೇಲುನೋಟಕ್ಕೆ ವಿರೋಧಾಭಾಸದಂತೆ ತೋರುವುದು. ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳಲ್ಲಿ ಅನೇಕರು ಇಂದಿಗೂ ಹಾಗೆಯೇ ಭಾವಿಸಿರುವರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೆಷ್ಟೆಂಬುದನ್ನು ವಿಚಾರಮಾಡುವುದಕ್ಕೆ ಮೊದಲು ಆ ಸಾಧನವು ಕೆಲಸಮಾಡುವ ಬಗೆಯನ್ನು ತಿಳಿಯುವುದು ಅವಶ್ಯಕ.

ಕಾರು ರಸ್ತೆಯನ್ನು ಹಿಡಿದಿರುವುದು ನಾಲ್ಕು ಟೈರುಗಳ ಅಡಿಯಲ್ಲಿ, ಸುಮಾರು ಅಂಗೈಯಗಲದ ನಾಲ್ಕು ಸ್ಥಳಗಳಲ್ಲಿ ಮಾತ್ರ. ಆ ಹಿಡಿತಕ್ಕೆ ಒಂದು ಮಿತಿಯುಂಟು. ವೇಗವನ್ನು ಹೆಚ್ಚಿಸುವುದಕ್ಕೂ ತಗ್ಗಿಸುವುದಕ್ಕೂ ತಿರುಗುವುದಕ್ಕೂ ಅದೊಂದೇ ಬಂಡವಾಳ. ತಿರುವಿನಲ್ಲಿ ಬೇಕಾಗುವ ಬಲವು ವೇಗದ ವರ್ಗವನ್ನನುಸರಿಸಿ ಬೆಳೆಯುವುದರಿಂದ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸುಲಭವಾಗಿ ದಾಟಿದ ತಿರುವು 90ರಲ್ಲಿ ಎರಡೂಕಾಲು ಪಟ್ಟು ಹಿಡಿತವನ್ನು ಬೇಡುವುದು. ಮಿತಿ ಮೀರಿ ಮುಂಚಕ್ರಗಳು ಜಾರಿದರೆ ಕಾರು ತಿರುಗದೆ ರಸ್ತೆಯ ಹೊರಗೆ ಸಾಗುವುದು. ಹಿಂಚಕ್ರಗಳು ಜಾರಿದರೆ ಹಿಂಭಾಗವು ಹೊರಕ್ಕೆ ಬೀಸಿ ಬುಗುರಿಯಂತೆ ಸುತ್ತುವುದು. ಹಿಂಚಕ್ರಗಳಿಂದ ನಡೆಯುವ ಪ್ರಬಲವಾದ ಕಾರುಗಳಿಗೆ ಎರಡನೆಯದೇ ಹೆಚ್ಚಿನ ಭಯ. ತಿರುವಿನ ನಡುವೆ ಗಾಬರಿಗೊಂಡು ಆಕ್ಸಿಲರೇಟರಿನ ಮೇಲಿನ ಕಾಲನ್ನು ಫಕ್ಕನೆ ತೆಗೆದರೂ ಸಾಕು, ಭಾರವು ಮುಂದಕ್ಕೆ ಸರಿದು ಹಿಂಚಕ್ರಗಳ ಹಿಡಿತವು ಸಡಿಲುವುದು. ಹಿಂಭಾಗದಲ್ಲಿ ಎಂಜಿನ್ನುಳ್ಳ ಪೋರ್ಷೆ 911 ಈ ದೋಷಕ್ಕಾಗಿ ಬಹುಕಾಲ ಅಪಖ್ಯಾತಿಯನ್ನು ಹೊತ್ತಿತ್ತು.

ಬಾಷ್ ಸಂಸ್ಥೆಯಲ್ಲಿ ಆಂಟನ್ ವಾನ್ ಜಾಂಟೆನ್ ಎಂಬ ಯಂತ್ರಶಾಸ್ತ್ರಜ್ಞರ ನೇತೃತ್ವದಲ್ಲಿ ರೂಪುಗೊಂಡ ಸ್ಥಿರತಾನಿಯಂತ್ರಣವು 1995ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಮೊದಲು ಬಳಕೆಗೆ ಬಂದಿತು. ಚುಕ್ಕಾಣಿಯ ಕೋನದಿಂದ ಚಾಲಕನು ಹೋಗಬಯಸುವ ದಾರಿಯನ್ನು ಅದು ತಿಳಿಯುವುದು. ಕಾರು ತನ್ನ ಲಂಬಾಕ್ಷದ ಸುತ್ತ ತಿರುಗುವ ವೇಗ, ಪಕ್ಕಕ್ಕೆ ಸರಿಯುವ ಒತ್ತಡ, ಒಂದೊಂದು ಚಕ್ರದ ವೇಗ ಇವುಗಳಿಂದ ಅದು ವಾಸ್ತವವಾಗಿ ಹೋಗುತ್ತಿರುವ ದಾರಿಯನ್ನು ಎಣಿಸುವುದು. ಇವೆರಡನ್ನೂ ಸೆಕೆಂಡಿಗೆ ಹಲವಾರು ಬಾರಿ ಹೋಲಿಸಿ, ಅಂತರವು ಕಂಡೊಡನೆ ಒಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕುವುದು. ಹಿಂಭಾಗವು ಹೊರಕ್ಕೆ ಬೀಸಿದರೆ ಹೊರಮಗ್ಗುಲಿನ ಮುಂಚಕ್ರಕ್ಕೆ. ಮುಂಭಾಗವು ತಿರುಗಲೊಲ್ಲದಿದ್ದರೆ ಒಳಮಗ್ಗುಲಿನ ಹಿಂಚಕ್ರಕ್ಕೆ. ಬೇಕಾದಲ್ಲಿ ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸುವುದು.

ಎತ್ತಿನ ಗಾಡಿ ಹೊಡೆಯುವವನು ಬಲಕ್ಕೆ ತಿರುಗಬೇಕಾದಾಗ ಬಲದೆತ್ತಿನ ಹಗ್ಗವನ್ನು ಜಗ್ಗಿ ತಡೆದು ಎಡದೆತ್ತನ್ನು ಮುಂದಕ್ಕೆ ಬಿಡುವನು. ಅವನಿಗೆ ಎರಡು ಎತ್ತುಗಳಿಗೆ ಎರಡು ಹಗ್ಗಗಳುಂಟು. ಕಾರಿನ ಚಾಲಕನಿಗಾದರೋ ನಾಲ್ಕು ಚಕ್ರಗಳಿಗೂ ಸೇರಿ ಕಾಲಬ್ರೇಕು ಒಂದೇ. ಎಂತಹ ಪ್ರವೀಣನೇ ಆಗಲಿ, ಅದರಿಂದ ತನಗೆ ಬೇಕಾದ ಒಂದೇ ಚಕ್ರವನ್ನು ಆರಿಸಿ ತಡೆಯಲಾರನು. ಆದುದರಿಂದ ಈ ಸಾಧನವು ಚಾಲಕನ ಕೌಶಲವನ್ನು ಅಪಹರಿಸುವುದೆಂಬ ಮಾತು ಪೂರ್ತಿ ಸರಿಯಲ್ಲ. ಅವನ ಕೈಗೆ ಎಂದೂ ಎಟುಕದಿದ್ದ ಕೆಲಸವೊಂದನ್ನು ಇದು ಮಾಡುತ್ತಿರುವುದು.

ಇದಕ್ಕೆ ಆಡಿ ಟಿಟಿಯ ವೃತ್ತಾಂತವೇ ಸಾಕ್ಷಿ. 1998ರಲ್ಲಿ ಮಾರುಕಟ್ಟೆಗೆ ಬಂದ ಈ ಚೆಲುವಾದ ಕಾರಿನಲ್ಲಿ ಸ್ಥಿರತಾನಿಯಂತ್ರಣವಿರಲಿಲ್ಲ. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಿಂದ ಹೋಗುತ್ತಿದ್ದ ಕೆಲವು ಕಾರುಗಳು ಹಠಾತ್ತಾಗಿ ಪಥವನ್ನು ಬದಲಿಸುವಾಗ ಹಿಡಿತ ತಪ್ಪಿ, ಪ್ರಾಣಹಾನಿಯೂ ಸಂಭವಿಸಿತು. ತಯಾರಕರು ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿ ಹಿಂಭಾಗವನ್ನು ಗಾಳಿಯು ಎತ್ತದಂತೆ ರೆಕ್ಕೆಯೊಂದನ್ನು ಕೂಡಿಸಿದರು, ಅಡಿಗಟ್ಟನ್ನು ತಿದ್ದಿದರು, ಸ್ಥಿರತಾನಿಯಂತ್ರಣವನ್ನೂ ಅಳವಡಿಸಿದರು. ಸೌಂದರ್ಯಕ್ಕೆ ರೆಕ್ಕೆಯಿಂದ ಕುಂದು ಬಂದಿತೆಂದು ಕೊರಗಿದವರೂ ಇದ್ದರು!

ಅಭಿಮಾನಿಗಳ ಆಕ್ಷೇಪಣೆಯು ನಿರಾಧಾರವೆಂದು ಇದರಿಂದ ಹೇಳಲಾಗದು. ಮೊದಮೊದಲ ಯಂತ್ರಗಳು ಅಪಾಯವು ಇನ್ನೂ ದೂರವಿರುವಾಗಲೇ ಒರಟಾಗಿ ನಡುವೆ ಬಂದು ಚಾಲನೆಯ ಸವಿಯನ್ನು ಕೆಡಿಸುತ್ತಿದ್ದುದುಂಟು. ಕ್ರಮೇಣ ತಯಾರಕರು ಹಿಂಭಾಗವು ತುಸು ಜಾರುವುದಕ್ಕೆ ಎಡೆಗೊಡುವ ನಡುವಣ ಹಂತಗಳನ್ನು ಕಲ್ಪಿಸಿದರು. ಅನೇಕ ಕಾರುಗಳಲ್ಲಿ ಪಂದ್ಯದ ಕಣಕ್ಕಾಗಿ ಅದನ್ನು ಆರಿಸಿಬಿಡುವುದಕ್ಕೂ ಅವಕಾಶವುಂಟು. ಆದರೆ ಕಣವು ಬೇರೆ, ರಸ್ತೆಯು ಬೇರೆ. ಕಣದಲ್ಲಿ ಪ್ರತಿಯೊಂದು ತಿರುವೂ ಪರಿಚಿತ. ರಸ್ತೆಯಲ್ಲಿ ಮಳೆಯ ನೀರಾಗಲಿ ಜಲ್ಲಿಯಾಗಲಿ ಮುನ್ಸೂಚನೆ ಕೊಡುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಒಂದೇ ವಾಹನವು ಒಳಗಾಗುವ ಮಾರಕ ಅಪಘಾತಗಳ ಸಂಭವವು ಈ ಸಾಧನದಿಂದ ಶೇಕಡ 56ರಷ್ಟು ತಗ್ಗಿದುದು ಕಂಡುಬಂದಿತು. ಇದು ಸ್ಪೋರ್ಟ್ಸ್ ಕಾರುಗಳಿಗೆ ಮಾತ್ರ ಸೇರಿದ ಲೆಕ್ಕವಲ್ಲವೆಂಬುದನ್ನು ಮರೆಯಬಾರದು.

ಟೈರು ಕೊಡಲಾರದ ಹಿಡಿತವನ್ನು ಯಾವ ಯಂತ್ರವೂ ಕೊಡಲಾರದು. ಪೋರ್ಷೆ ಕರೆರಾ ಜಿಟಿಯಲ್ಲಿ ಸ್ಥಿರತಾನಿಯಂತ್ರಣವಿರಲಿಲ್ಲ. 2013ರಲ್ಲಿ ನಟ ಪಾಲ್ ವಾಕರ್ ಪ್ರಯಾಣಿಕರಾಗಿ ಕುಳಿತಿದ್ದ ಅಂತಹ ಕಾರೊಂದು ಅಪಘಾತಕ್ಕೀಡಾಗಿ ಅವರು ಮೃತರಾದರು. ತನಿಖೆಯವರು ಅಸುರಕ್ಷಿತ ವೇಗವನ್ನು ಕಾರಣವೆಂದು ನಿರ್ಣಯಿಸಿದರು. ಟೈರುಗಳು ಒಂಬತ್ತು ವರ್ಷಕ್ಕೂ ಹಳೆಯವಾಗಿದ್ದುವು. ಸಾಧನವಿದ್ದಿದ್ದರೆ ಅವರು ಉಳಿಯುತ್ತಿದ್ದರೆಂದು ನಿಶ್ಚಯವಾಗಿ ಹೇಳುವುದು ದುಡುಕಾದೀತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪ್ ಒಕ್ಕೂಟದಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಈ ಸಾಧನವು ಕಡ್ಡಾಯವಾಯಿತು. ಕರೆರಾ ಜಿಟಿಯ ಉತ್ತರಾಧಿಕಾರಿಯಾಗಿ 2013ರಲ್ಲಿ ಹೊರಬಂದ 918 ಸ್ಪೈಡರಿನಲ್ಲಿ ಪೋರ್ಷೆಯವರೂ ಅದನ್ನು ಅಳವಡಿಸಿದ್ದರು.