ಸುದ್ದಿಯ ಹಸಿವು, ಕಣ್ಣಿನ ಚಪಲ

2025ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ದಾಖಲಾದರು. ಅವರು ಅಲ್ಲಿದ್ದ 38 ದಿನಗಳ ಕಾಲ ವ್ಯಾಟಿಕನ್ನಿನ ವಾರ್ತಾ ಕಚೇರಿಯು ಅವರ ಆರೋಗ್ಯದ ಕುರಿತು ಚುಟುಕಾದ ಪ್ರಕಟಣೆಗಳನ್ನು ನೀಡುತ್ತಲೇ ಇತ್ತು. ಬೆಳಗಿನ ಪ್ರಕಟಣೆಯಂತೂ ಎಷ್ಟೋ ದಿನ ಒಂದೆರಡು ವಾಕ್ಯಗಳನ್ನು ಮೀರುತ್ತಿರಲಿಲ್ಲ. ಅದೇ ಅವಧಿಯಲ್ಲಿ ಅವರು ನಿಧನರಾದರೆಂಬ ಸುಳ್ಳು ವಾರ್ತೆಯೂ, ಗಣಕಯಂತ್ರವೇ ಸೃಷ್ಟಿಸಿದ ರೋಗಶಯ್ಯೆಯ ಚಿತ್ರಗಳೂ ಮೊಬೈಲಿನಿಂದ ಮೊಬೈಲಿಗೆ ಲೋಕವನ್ನೆಲ್ಲ ಸುತ್ತಿದವು. ಕೊನೆಗೆ ಏಪ್ರಿಲ್ 21ರಂದು, ಪುನರುತ್ಥಾನ ಹಬ್ಬದ ಮರುದಿನ ಬೆಳಿಗ್ಗೆ 7.35ಕ್ಕೆ ಅವರು ಪ್ರಭುವಿನ ಪಾದ ಸೇರಿದಾಗ, ಕಾರ್ಡಿನಲ್ ಕೆವಿನ್ ಫ್ಯಾರೆಲ್‌ರವರು ಅದನ್ನು ಜಗತ್ತಿಗೆ ತಿಳಿಸಿದ್ದು ಸುಮಾರು ಎರಡು ಗಂಟೆಗಳ ಬಳಿಕ. ಆ ಎರಡು ಗಂಟೆಗಳ ಮೌನವನ್ನು ಇಂದಿನ ನಮ್ಮ ಮನಸ್ಸು ಸಹಿಸಲಾರದು.

ಸ್ವತಃ ಫ್ರಾನ್ಸಿಸ್‌ರವರಿಗೆ ಈ ಮಾಯೆಯ ಅನುಭವವಿತ್ತು. 2023ರ ಮಾರ್ಚ್‌ನಲ್ಲಿ ಅವರು ಬಿಳಿಯ, ಉಬ್ಬಿದ, ಬೆಲೆಬಾಳುವ ಚಳಿಯಂಗಿಯನ್ನು ಧರಿಸಿದಂತೆ ತೋರುವ ಚಿತ್ರವೊಂದು ಹರಡಿತು. ಅದು ಕೃತಕ ಬುದ್ಧಿಮತ್ತೆಯ ಸೃಷ್ಟಿ. ಅದನ್ನು ನಂಬಿದವರಲ್ಲಿ ಓದುಬರಹ ಬಲ್ಲವರೇ ಬಹಳ ಮಂದಿ. ಮರುವರ್ಷದ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಅವರು ಇಂಥ ವಂಚನೆಗೆ ತಾವೂ ಗುರಿಯಾದುದನ್ನು ಸ್ಮರಿಸಿಕೊಂಡಿದ್ದರು.

ಏಕೆ ನಂಬುತ್ತೇವೆ ಎಂಬುದಕ್ಕಿಂತ ಮೊದಲು, ಏಕೆ ನೋಡುತ್ತೇವೆ ಎಂದು ಕೇಳಿಕೊಳ್ಳುವುದು ಉಚಿತ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ 'ಕಣ್ಣುಗಳ ಆಶೆ'ಯನ್ನು ಪರೀಕ್ಷಿಸುತ್ತಾರೆ. ನಾಯಿ ಮೊಲವನ್ನಟ್ಟುವ ಆಟ ನೋಡಲು ಅವರು ಕ್ರೀಡಾಂಗಣಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ಆದರೆ ದಾರಿಯ ಪಕ್ಕದ ಹೊಲದಲ್ಲಿ ಅದೇ ನಡೆದರೆ ಗಾಢ ಚಿಂತನೆಯಿಂದಲೂ ಮನಸ್ಸು ಅತ್ತ ಜಾರುತ್ತದೆ. ಮನೆಯಲ್ಲಿ ಕುಳಿತರೆ ಹಲ್ಲಿ ನೊಣ ಹಿಡಿಯುವುದು, ಜೇಡ ಬಲೆಯಲ್ಲಿ ಕೀಟವನ್ನು ಸುತ್ತುವುದು ಸಾಕು. ಹದಿನಾರು ಶತಮಾನಗಳ ಹಿಂದಿನ ಬಿಷಪರೊಬ್ಬರು ಹಲ್ಲಿಯ ಬಗ್ಗೆ ಬರೆದುದನ್ನು ಓದುವಾಗ, ಜಪಸರದ ನಡುವೆ ಮೊಬೈಲಿನ ಕಿಣಿ ಎಂಬ ಸದ್ದಿಗೆ ಹೊರಳುವ ನಮ್ಮ ಕತ್ತು ನೆನಪಾಗದಿರದು.

ಸಂತ ತೋಮಸ್ ಅಕ್ವಿನಾಸರು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ತಿಳಿಯಬೇಕೆಂಬ ಆಸೆ ಮನುಷ್ಯ ಸ್ವಭಾವಕ್ಕೆ ಸಹಜವಾದುದು, ಒಳ್ಳೆಯದು. ಆದರೆ ಅನ್ನಪಾನಗಳಿಗೆ ಬೇಕಾದ ಮಿತಸಂಯಮವೇ ಅರಿವಿನ ಆಸೆಗೂ ಬೇಕು. ಆದುದರಿಂದ ಅಧ್ಯಯನಶೀಲತೆಯನ್ನು ಅವರು ಸಂಯಮವೆಂಬ ಸದ್ಗುಣದ ಅಡಿಯಲ್ಲಿಯೇ ಇರಿಸುತ್ತಾರೆ; ಅದರ ವಿಕಾರವೇ ಚಪಲ ಕುತೂಹಲ. ಪರರ ನಡತೆಯನ್ನು ಅವರ ನಿಂದೆಗಾಗಿಯೇ ಕೆದಕಿ ನೋಡುವುದೂ ಈ ವಿಕಾರದ ಒಂದು ರೂಪವೆಂದು ಅವರು ಗುರುತಿಸಿದ್ದಾರೆ. ಸೆಮಿನರಿಯ ತರಗತಿಯಲ್ಲಿ ಇದು ಒಣ ವಿಂಗಡಣೆಯಾಗಿ ತೋರುತ್ತಿತ್ತು. ಇಂದು ಪ್ರತಿ ಮನೆಯ ಊಟದ ಮೇಜಿನ ಮೇಲೆ ಅದಕ್ಕೆ ಉದಾಹರಣೆ ದೊರೆಯುತ್ತದೆ.

ಹರ್ಮನ್ ಮೋಗ್ಲಿಂಗರು 1843ರಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಹದಿನೈದು ದಿನಗಳಿಗೊಮ್ಮೆ ಹೊರಬರುತ್ತಿತ್ತು. ನಮ್ಮ ಹಿರಿಯರು ಆಕಾಶವಾಣಿಯ ಬೆಳಗಿನ ವಾರ್ತೆ ಕೇಳಿ ರೇಡಿಯೋ ಆರಿಸಿ ಗದ್ದೆಗೆ ಇಳಿಯುತ್ತಿದ್ದರು. ಹಿಂದಿನ ಸುದ್ದಿಯೆಲ್ಲ ಸತ್ಯವಾಗಿತ್ತೆಂದು ನಾವು ಹೇಳುತ್ತಿಲ್ಲ. ಸುಳ್ಳು ಹರಡಲು ಸಂತೆಕಟ್ಟೆಗೆ ವಿದ್ಯುತ್ತು ಬೇಕಿರಲಿಲ್ಲ. ಆದರೆ ವಾರ್ತೆಗೆ ಒಂದು ಆರಂಭ, ಒಂದು ಮುಕ್ತಾಯವಿತ್ತು. ಪತ್ರಿಕೆಗೆ ಕೊನೆಯ ಪುಟವಿತ್ತು. ಬೆರಳಿನಿಂದ ಸರಿಸಿದಷ್ಟೂ ಸರಿಯುವ ಇಂದಿನ ಪರದೆಗೆ ಕೊನೆಯ ಪುಟವೇ ಇಲ್ಲ.

ಇದರಿಂದ ಕಾಲಹರಣ ಮಾತ್ರವಾಗುವುದಾದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದಿದ್ದ ಕೆಲವು ಸ್ನೇಹಿತರು ಶಾಲಾ ಮಕ್ಕಳಿಗೆ ಚಾಕೊಲೇಟು ಹಂಚಿದರು. ಮಕ್ಕಳ ಕಳ್ಳರು ಸಂಚರಿಸುತ್ತಿದ್ದಾರೆಂಬ ವದಂತಿ ಅದಾಗಲೇ ವಾಟ್ಸಾಪ್‌ನಲ್ಲಿ ಹಬ್ಬಿತ್ತು. ಜನ ಅವರನ್ನು ಶಂಕಿಸಿ ಸುತ್ತುವರಿದರು. ಅವರು ಪ್ರಾಣಭಯದಿಂದ ಕಾರು ಓಡಿಸಿದಾಗ ಅವರ ಚಿತ್ರ ಅವರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಲಾಗಿತ್ತು. ಅವರಲ್ಲೊಬ್ಬ ತರುಣ ಎಂಜಿನಿಯರನನ್ನು ಗುಂಪು ಹೊಡೆದು ಕೊಂದಿತು. ಹೊಡೆದವರ ಕೈಗಳ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಆ ವದಂತಿಯನ್ನು 'ಯಾವುದಕ್ಕೂ ಇರಲಿ' ಎಂದು ಮುಂದಕ್ಕೆ ಕಳುಹಿಸಿ, ಆಮೇಲೆ ಊಟ ಮಾಡಿ ಮಲಗಿದ ಸಾವಿರಾರು ಸಜ್ಜನರು ಯಾರು? ಅವರಲ್ಲಿ ತಾಯಂದಿರಿದ್ದರು, ಶಿಕ್ಷಕರಿದ್ದರು. ಮಕ್ಕಳ ಮೇಲಣ ಮಮತೆಯಿಂದಲೇ ಕಳುಹಿಸಿದವರಿದ್ದರು ಎಂದೇ ನಾವು ಭಾವಿಸುತ್ತೇವೆ. ಈ ಪ್ರಸಂಗದ ಭಯಂಕರತೆ ಇರುವುದು ಇಲ್ಲಿಯೇ.

ಇದಕ್ಕೂ ಆರು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಬೆದರಿಕೆಯ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದರು. ಅವರಲ್ಲಿ ನಮ್ಮ ಕ್ರೈಸ್ತ ಬಂಧುಗಳೂ ಇದ್ದರು. ಆಗ ಸರಕಾರವು ಸಾಮೂಹಿಕ ಎಸ್ಸೆಮ್ಮೆಸ್‌ಗೆ ತಾತ್ಕಾಲಿಕ ಮಿತಿ ಹೇರಿತು. 2018ರಲ್ಲಿ ವಾಟ್ಸಾಪ್ ಸಂಸ್ಥೆಯೂ ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದೂಡದಂತೆ ಮಾಡಿತು. ಹಲವು ಸಲ ಕೈಬದಲಿಸಿದ ಸಂದೇಶದ ಮೇಲೆ ಈಗ ಜೋಡಿ ಬಾಣಗಳ ಗುರುತು ಕಾಣುತ್ತದೆ. ಅದನ್ನು ಗಮನಿಸುವವರು ಎಷ್ಟು ಮಂದಿಯೋ!

ಪತ್ರಕರ್ತರ ಪಾಲಕ ಸಂತರಾದ ಫ್ರಾನ್ಸಿಸ್ ಸಾಲ್ಸ್‌ರವರೂ ಒಂದರ್ಥದಲ್ಲಿ ಸಂದೇಶ ಕಳುಹಿಸಿದವರೇ. 1594ರಲ್ಲಿ ಶಾಬ್ಲೆ ಪ್ರಾಂತ್ಯಕ್ಕೆ ಹೋದ ಅವರ ಪ್ರಬೋಧನೆ ಕೇಳಲು ಜನರು ಬಾರದಿದ್ದಾಗ, ಅವರು ಕರಪತ್ರಗಳನ್ನು ಬರೆದು ಮನೆಗಳ ಬಾಗಿಲಡಿಯಿಂದ ಒಳಕ್ಕೆ ಸರಿಸಿದರು. ಆದರೆ ಬರೆದವರು ಯಾರೆಂದು ಆ ಊರು ಬಲ್ಲದಾಗಿತ್ತು. ಒಪ್ಪದವನು ಅವರನ್ನೇ ಹುಡುಕಿ ಹೋಗಿ ವಾದಿಸಬಹುದಿತ್ತು. ನಮಗೆ ಬರುವ ಸಂದೇಶಕ್ಕೆ ತಂದೆತಾಯಿಗಳಿಲ್ಲ. 'ಯಾರು ಹೇಳಿದ್ದು, ಎಂದು, ಎಲ್ಲಿ?' ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಬರಹವನ್ನು ನಮ್ಮ ಕುಟುಂಬಗಳು ಅಲ್ಲಿಯೇ ನಿಲ್ಲಿಸಬಹುದು. ಅದನ್ನು ಅಳಿಸಿದರೆ ನಷ್ಟವೇನಿಲ್ಲ. ದಿನಕ್ಕೆ ಎರಡು ಹೊತ್ತು, ಹೆಸರು ವಿಳಾಸವಿರುವ ಪತ್ರಿಕೆ ಅಥವಾ ವಾರ್ತೆಯಿಂದ ತಿಳಿದುಕೊಂಡರೆ ಸಾಮಾನ್ಯ ಗೃಹಸ್ಥನಿಗೆ ಸಾಕಾಗುತ್ತದೆ.

ಸುದ್ದಿ ಸತ್ಯವೇ ಆಗಿದ್ದರೆ? ಸಾಮಾನ್ಯವಾಗಿ ಇದನ್ನು ಯಾರೂ ಕೇಳುವುದಿಲ್ಲ. ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಸುಳ್ಳು ಅಪವಾದವನ್ನಷ್ಟೇ ಅಲ್ಲದೆ, ಪರರ ನಿಜವಾದ ದೋಷವನ್ನು ಸಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದನ್ನೂ ಪಾಪವೆಂದು ಎಣಿಸುತ್ತದೆ. ದೋಷವಲ್ಲದ ದುಃಖಕ್ಕೂ ಈ ಮರ್ಯಾದೆ ಸಲ್ಲಬೇಡವೇ? ಹೆದ್ದಾರಿಯಲ್ಲಿ ಅಪಘಾತವಾದೊಡನೆ ಯಾರೋ ಚಿತ್ರ ತೆಗೆಯುತ್ತಾರೆ. ಚಿತ್ರ ಸತ್ಯ, ಸ್ಥಳ ಸತ್ಯ, ವಾಹನದ ಸಂಖ್ಯೆಯೂ ಸತ್ಯ. ಪೊಲೀಸರು ಮನೆಯವರನ್ನು ಹುಡುಕುವ ಮೊದಲೇ, ಯಾರೂ ಬಾಗಿಲು ತಟ್ಟಿ ಪಕ್ಕದಲ್ಲಿ ಕುಳಿತುಕೊಳ್ಳುವ ಮೊದಲೇ, ಒಬ್ಬ ತಾಯಿ ಅಡುಗೆಮನೆಯಲ್ಲಿ ಒಂಟಿಯಾಗಿ ನಿಂತು ಆ ಚಿತ್ರವನ್ನು ತೆರೆಯುತ್ತಾಳೆ.