ಅಲ್ಯೂಮಿನಿಯಂ ಚಾಸಿ: ಹಗುರವೂ ಬಿಗಿಯೂ ಒಟ್ಟಿಗೆ ಹೇಗೆ?

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯು ತಾಳಬೆಟ್ಟದಿಂದ ಮುಂದೆ ಘಟ್ಟವನ್ನು ಏರತೊಡಗುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿಯೂ ಇದೇ ಬಗೆಯದು. ಇಂತಹ ದಾರಿಯ ಕಡಿದಾದ ತಿರುವುಗಳಲ್ಲಿ ರಸ್ತೆಯ ಒಳಅಂಚು ಹೊರಅಂಚಿಗಿಂತ ಹೆಚ್ಚು ಏರಾಗಿರುತ್ತದೆ. ಆದುದರಿಂದ ತಿರುವನ್ನು ಹತ್ತುತ್ತಿರುವ ಕಾರಿನ ನಾಲ್ಕು ಚಕ್ರಗಳೂ ಒಂದೇ ಸಮತಲದಲ್ಲಿ ನಿಲ್ಲುವುದಿಲ್ಲ. ಮುಂದಿನ ಚಕ್ರಗಳ ಜೋಡಿಯು ಒಂದು ಕಡೆಗೆ ವಾಲಿದರೆ ಹಿಂದಿನ ಜೋಡಿಯು ಇನ್ನೊಂದು ಕಡೆಗೆ ವಾಲುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವವರು ಎರಡು ಕೈಗಳನ್ನು ವಿರುದ್ಧ ದಿಕ್ಕುಗಳಿಗೆ ತಿರುಗಿಸುವಂತೆ, ರಸ್ತೆಯು ಕಾರನ್ನು ಹಿಂಡುತ್ತದೆ.

ಈ ಹಿಂಡುವಿಕೆಯನ್ನು ತಡೆದುಕೊಳ್ಳಬೇಕಾದ ಭಾಗವೇ ಚಾಸಿ. ಅದು ಕಾರಿನ ಬೆನ್ನೆಲುಬು. ಎಂಜಿನ್, ಸ್ಪ್ರಿಂಗುಗಳು, ಆಸನಗಳು, ಚುಕ್ಕಾಣಿ ಎಲ್ಲವೂ ಅದಕ್ಕೆ ಅಂಟಿಕೊಂಡಿರುತ್ತವೆ. ಇಬ್ಬರು ಕುಳಿತುಕೊಳ್ಳುವ, ವೇಗವಾಗಿ ಓಡುವ ಸಣ್ಣ ಸ್ಪೋರ್ಟ್ಸ್ ಕಾರನ್ನು ತಮ್ಮ ಇಷ್ಟದಂತೆ ಕಟ್ಟಬೇಕೆನ್ನುವವರ ಮೊದಲ ಪ್ರಶ್ನೆಯೂ ಇದರದೇ: ಚಾಸಿಯನ್ನು ಉಕ್ಕಿಗೆ ಬದಲಾಗಿ ಅಲ್ಯೂಮಿನಿಯಮ್ಮಿನಿಂದ ಮಾಡಿದರೆ ಕಾರು ಹಗುರವಾಗುವುದಿಲ್ಲವೆ? ಆಗುತ್ತದೆ. ಆದರೆ ಸಾಮಾನ್ಯವಾಗಿ ಊಹಿಸುವ ಕಾರಣಕ್ಕಾಗಿ ಅಲ್ಲ.

ತಿರುಚಿದರೆ ಏನು ನಷ್ಟ?

ಚಾಸಿಯು ಮುರಿಯದಿದ್ದರೆ ಸಾಲದು. ಅದು ತಿರುಚಿಕೊಳ್ಳಲೂ ಬಾರದು. ಒಂದು ಲೆಕ್ಕವನ್ನು ನೋಡೋಣ. ಕಾರಿನ ತೂಕ 800 ಕಿಲೋಗ್ರಾಂ, ಎಡಬಲ ಚಕ್ರಗಳ ನಡುವಣ ದೂರ 1.4 ಮೀಟರ್ ಎಂದು ಇಟ್ಟುಕೊಳ್ಳಿ. ಮುಂಭಾಗದ 400 ಕಿಲೋಗ್ರಾಂ ಭಾರವೆಲ್ಲವೂ ಒಂದೇ ಚಕ್ರದ ಮೇಲೆ ಬಿದ್ದಾಗ ಚಾಸಿಯನ್ನು ತಿರುಚುವ ಬಲಯುಗ್ಮವು ಸುಮಾರು 2,700 ನ್ಯೂಟನ್-ಮೀಟರ್ ಆಗುತ್ತದೆ. ಒಂದು ಡಿಗ್ರಿ ತಿರುಚಲು 2,000 ನ್ಯೂಟನ್-ಮೀಟರ್ ಸಾಕಾಗುವಂತಹ ಚಾಸಿಯಾದರೆ ಅದು 1.3 ಡಿಗ್ರಿಗೂ ಹೆಚ್ಚು ತಿರುಚಿಕೊಳ್ಳುವುದು. ಚಕ್ರದ ಬಳಿ ಇದು ಮೂರು ಸೆಂಟಿಮೀಟರಿಗಿಂತ ಹೆಚ್ಚಿನ ಏರುಪೇರು. ಒಂದು ಡಿಗ್ರಿಗೆ 10,000 ನ್ಯೂಟನ್-ಮೀಟರ್ ಬೇಡುವ ಚಾಸಿಯಾದರೆ ಏರುಪೇರು ಏಳು ಮಿಲಿಮೀಟರನ್ನು ಮೀರುವುದಿಲ್ಲ.

ಚಕ್ರಗಳ ಏರಿಳಿತವನ್ನು ಸಹಿಸಲು ಸ್ಪ್ರಿಂಗುಗಳಿವೆ. ಅವುಗಳ ತೂಗಾಟವನ್ನು ಅಡಗಿಸಲು ಷಾಕ್ ಅಬ್ಸಾರ್ಬರುಗಳಿವೆ. ಚಾಸಿಯು ಮೆತ್ತಗಿದ್ದರೆ ತಾನೂ ಒಂದು ಸ್ಪ್ರಿಂಗಾಗಿ ವರ್ತಿಸುತ್ತದೆ. ಆದರೆ ಈ ಸ್ಪ್ರಿಂಗಿನ ತೂಗಾಟವನ್ನು ಅಡಗಿಸುವ ಸಾಧನವಿಲ್ಲ. ಚಾಲಕನು ಚುಕ್ಕಾಣಿಯನ್ನು ತಿರುಗಿಸಿದಾಗ ಮುಂಭಾಗವು ಒಡನೆಯೇ ತಿರುಗಿ, ಹಿಂಭಾಗವು ತುಸು ತಡವಾಗಿ ಹಿಂಬಾಲಿಸುವುದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ ಇರುವ ಘಟ್ಟದಲ್ಲಿ ಇದು ಚಿಕ್ಕ ಸಂಗತಿಯಲ್ಲ.

ಲೋಹಗಳ ಲೆಕ್ಕ

ಉಕ್ಕಿನ ಸಾಂದ್ರತೆ ನೀರಿನ 7.85 ರಷ್ಟು, ಅಲ್ಯೂಮಿನಿಯಮ್ಮಿನದು 2.7 ರಷ್ಟು. ಎಂದರೆ ಅಲ್ಯೂಮಿನಿಯಂ ಸುಮಾರು ಮೂರನೆಯ ಒಂದು ಭಾಗ ಮಾತ್ರ ತೂಗುತ್ತದೆ. ಆದರೆ ಬಾಗುವಿಕೆಗೆ ಒಡ್ಡುವ ವಿರೋಧವನ್ನು ಸೂಚಿಸುವ ಸ್ಥಿತಿಸ್ಥಾಪಕತೆಯ ಅಂಕವೂ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ: ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಮ್ಮಿಗೆ ಸುಮಾರು 70. ಉಕ್ಕಿನ ಚಾಸಿಯ ಆಕಾರ, ಅಳತೆ, ದಪ್ಪಗಳನ್ನು ಹಾಗೆಯೇ ಇಟ್ಟುಕೊಂಡು ಲೋಹವನ್ನು ಮಾತ್ರ ಬದಲಿಸಿದವನಿಗೆ ಮೂರನೆಯ ಒಂದು ಭಾಗದ ತೂಕದ ಜೊತೆಗೆ ಮೂರನೆಯ ಒಂದು ಭಾಗದ ಬಿಗುವು ದೊರೆಯುತ್ತದೆ. ಹಿಂದಿನ ಬಿಗುವು ಬೇಕೆಂದು ಗೋಡೆಯನ್ನು ದಪ್ಪ ಮಾಡಿದರೆ ತೂಕವೂ ಹಿಂದಿನಷ್ಟೇ ಆಗುತ್ತದೆ. ಲೋಹವು ತಾನಾಗಿ ಏನನ್ನೂ ಉಳಿಸಿಕೊಡುವುದಿಲ್ಲ. ಉಳಿಸಿಕೊಡುವುದು ಆಕಾರ.

ಬಿದಿರು ಕಲಿಸುವ ಪಾಠ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬೆಳೆಯುವ ಬಿದಿರು ಈ ರಹಸ್ಯವನ್ನು ಬಲ್ಲದು. ಅದರ ನಡುಭಾಗ ಟೊಳ್ಳು, ವಸ್ತುವೆಲ್ಲವೂ ಹೊರವಲಯದಲ್ಲಿದೆ. ತೆಳುಗೋಡೆಯ ಕೊಳವೆಯನ್ನು ತಿರುಚುವಾಗ ಅದರ ಬಿಗುವು ತ್ರಿಜ್ಯದ ಘನಕ್ಕೂ ಗೋಡೆಯ ದಪ್ಪಕ್ಕೂ ಅನುಗುಣವಾಗಿರುತ್ತದೆ. ತೂಕವಾದರೋ ತ್ರಿಜ್ಯ ಮತ್ತು ದಪ್ಪಗಳ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಕೊಳವೆಯ ತ್ರಿಜ್ಯವನ್ನು ಇಮ್ಮಡಿ ಮಾಡಿ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ತೂಕ ಬದಲಾಗದೆ ಬಿಗುವು ನಾಲ್ಕು ಪಟ್ಟಾಗುವುದು.

50 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯು ಮೀಟರೊಂದಕ್ಕೆ ಸುಮಾರು 2.4 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ದಪ್ಪದ, ಆದರೆ 100 ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ಕೊಳವೆಯು ತೂಗುವುದು ಸುಮಾರು 1.7 ಕಿಲೋಗ್ರಾಂ ಮಾತ್ರ. ಹೀಗಿದ್ದೂ ಅದು ತಿರುಚುವಿಕೆಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಬಿಗಿಯಾಗಿರುತ್ತದೆ.

ಉಕ್ಕಿನ ಕೊಳವೆಯನ್ನೇ ಅಗಲ ಮಾಡಬಾರದೇಕೆ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಅದೇ 1.7 ಕಿಲೋಗ್ರಾಂ ಉಕ್ಕನ್ನು 100 ಮಿಲಿಮೀಟರ್ ವ್ಯಾಸಕ್ಕೆ ಹಿಗ್ಗಿಸಿದರೆ ಗೋಡೆಯ ದಪ್ಪವು ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆಯಾಗುವುದು. ಅಷ್ಟು ತೆಳುವಾದ ಗೋಡೆ ಒಂದು ಕಲ್ಲು ತಗುಲಿದರೂ ತಗ್ಗಾಗುತ್ತದೆ, ಒತ್ತಡ ಬಿದ್ದಾಗ ಡಬ್ಬಿಯ ತಗಡಿನಂತೆ ಮಡಿಚಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿನ ಗೆಲುವು ಇರುವುದು ಇಲ್ಲಿ. ಒಂದೇ ತೂಕದ ಎರಡು ತಗಡುಗಳಲ್ಲಿ ಅಲ್ಯೂಮಿನಿಯಮ್ಮಿನದು ಉಕ್ಕಿನದಕ್ಕಿಂತ 2.9 ಪಟ್ಟು ದಪ್ಪವಾಗಿರುತ್ತದೆ. ತಗಡಿನ ಬಾಗುಬಿಗುವು ದಪ್ಪದ ಘನವನ್ನು ಅನುಸರಿಸುವುದರಿಂದ ಅದು ಸುಮಾರು ಎಂಟು ಪಟ್ಟು ಬಿಗಿಯಾಗಿರುತ್ತದೆ.

ಬಿದಿರಿನ ಗೆಣ್ಣುಗಳನ್ನೂ ಮರೆಯಬಾರದು. ಟೊಳ್ಳಿನ ಒಳಗೆ ಅಡ್ಡಗೋಡೆಯಂತೆ ನಿಂತು, ಗೋಡೆಯು ಒಳಕ್ಕೆ ಕುಸಿಯದಂತೆ ಅವು ತಡೆಯುತ್ತವೆ. ಕಾರಿನ ಚಾಸಿಯಲ್ಲಿ ಈ ಕೆಲಸವನ್ನು ಅಡ್ಡಹಲಗೆಗಳು ಮಾಡುತ್ತವೆ: ಒಂದು ಚಾಲಕನ ಪಾದಗಳ ಮುಂದೆ, ಇನ್ನೊಂದು ಆಸನದ ಬೆನ್ನಿಗೆ.

ಬಾಗಿಲಿನ ತೊಡಕು

ಬುಟ್ಟಿ ಹೆಣೆಯುವ ಮೇದಾರರು ಬಿದಿರನ್ನು ಮೊದಲು ಸೀಳುತ್ತಾರೆ. ಇಡೀ ಬಿದಿರನ್ನು ತಿರುಚಲು ಯಾರಿಂದಲೂ ಆಗದು. ಸೀಳಿದ ದಬ್ಬೆಯಾದರೋ ಬೆರಳುಗಳ ನಡುವೆಯೇ ತಿರುಚಿಕೊಳ್ಳುತ್ತದೆ. ಓದುಗರು ಇದನ್ನು ರಟ್ಟಿನ ಕೊಳವೆಯಿಂದ ತಾವೇ ಪರೀಕ್ಷಿಸಬಹುದು. ಕೊಳವೆಯ ಎರಡು ತುದಿಗಳನ್ನು ಹಿಡಿದು ತಿರುಚಿ ನೋಡಿ. ಬಳಿಕ ಉದ್ದಕ್ಕೂ ಒಂದೇ ಒಂದು ಗೀಟನ್ನು ಕತ್ತರಿಸಿ ಮತ್ತೆ ತಿರುಚಿ. ವಸ್ತುವಿನ ತೂಕದಲ್ಲಿ ಬದಲಾವಣೆಯಿಲ್ಲ; ಬಿಗುವು ಮಾತ್ರ ಮಾಯವಾಗಿದೆ. ಮೇಲೆ ಹೇಳಿದ 100 ಮಿಲಿಮೀಟರಿನ ಕೊಳವೆಯನ್ನು ಹೀಗೆ ಸೀಳಿದರೆ ಅದರ ತಿರುಚುಬಿಗುವು ಸುಮಾರು 1,800 ರಲ್ಲಿ ಒಂದು ಪಾಲಿಗೆ ಇಳಿಯುವುದೆಂದು ಲೆಕ್ಕ ಹೇಳುತ್ತದೆ.

ಸಾಮಾನ್ಯ ಕಾರಿಗೆ ಗಟ್ಟಿಯಾದ ಮಾಡು ಇದೆ. ನೆಲ, ಕಂಬಗಳು, ಮಾಡು ಸೇರಿ ಒಂದು ಪೆಟ್ಟಿಗೆಯಾಗುತ್ತವೆ. ತೆರೆದ ಸ್ಪೋರ್ಟ್ಸ್ ಕಾರಿಗೆ ಮಾಡು ಇಲ್ಲ. ಪಕ್ಕಗಳಲ್ಲಿ ಬಾಗಿಲಿನ ಬಾಯಿ ಬೇರೆ. ಅದು ಸೀಳಿದ ಕೊಳವೆಯಂತೆಯೇ ಸರಿ. ಆದುದರಿಂದ ನಿರ್ಮಾಪಕನು ಬಾಗಿಲಿನ ಹೊಸ್ತಿಲನ್ನೇ ಎತ್ತರವಾದ, ಎಲ್ಲ ಕಡೆಯೂ ಮುಚ್ಚಿದ ದೊಡ್ಡ ಪೆಟ್ಟಿಗೆಗೊಳವೆಯನ್ನಾಗಿ ಮಾಡಿ, ಎಡಬಲದ ಎರಡು ಹೊಸ್ತಿಲುಗಳನ್ನು ಅಡ್ಡಹಲಗೆಗಳಿಂದ ಬಂಧಿಸುತ್ತಾನೆ.

ವಿಮಾನದಿಂದ ಕಾರಿಗೆ

ಈ ವಿದ್ಯೆ ಬೆಳೆದದ್ದು ವಿಮಾನಗಳಲ್ಲಿ. ಶುದ್ಧ ಅಲ್ಯೂಮಿನಿಯಂ ಬಹಳ ಮೆದು. 1906 ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತನು, ತಾಮ್ರವನ್ನೂ ಮೆಗ್ನೀಸಿಯಮ್ಮನ್ನೂ ಬೆರೆಸಿ ಕಾಯಿಸಿ ತಣಿಸಿದ ಅಲ್ಯೂಮಿನಿಯಂ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಕಂಡುಹಿಡಿದನು. ಈ ಮಿಶ್ರಲೋಹವೇ ಡ್ಯುರಾಲುಮಿನ್. ನಮ್ಮ ನಾಡಿನಲ್ಲಿ ಈ ಬಗೆಯ ಕೆಲಸಕ್ಕೆ ನೆಲೆಯಾದದ್ದು ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಲೋಹದ ತರಬೇತಿ ವಿಮಾನವು 1951 ರ ಆಗಸ್ಟ್ ತಿಂಗಳಲ್ಲಿ ಮೊದಲು ಹಾರಿತು.

1962 ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ವಿಮಾನದ ಈ ಕ್ರಮವನ್ನು ಲೋಟಸ್ 25 ಎಂಬ ಓಟದ ಕಾರಿಗೆ ತಂದನು. ಕೊಳವೆಗಳ ಹಂದರವನ್ನು ಬಿಟ್ಟು, ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆಗಳನ್ನೇ ಚಾಸಿಯಾಗಿ ಮಾಡಿದನು. 1963 ರಲ್ಲಿ ಜಿಮ್ ಕ್ಲಾರ್ಕ್ ಈ ಕಾರಿನಲ್ಲಿಯೇ ವಿಶ್ವ ಚಾಂಪಿಯನ್ ಆದನು. ಅದೇ ಸಂಸ್ಥೆಯು 1996 ರಲ್ಲಿ ಮಾರುಕಟ್ಟೆಗೆ ತಂದ ಎಲೀಸ್ ಎಂಬ ತೆರೆದ ಕಾರಿನಲ್ಲಿ, ಅಚ್ಚಿನ ಮೂಲಕ ಒತ್ತಿ ತೆಗೆದ ಟೊಳ್ಳು ಅಲ್ಯೂಮಿನಿಯಂ ಪಟ್ಟಿಗಳನ್ನು ಜೋಡಿಸಿದ ಚಾಸಿ ಇತ್ತು. ಅದರ ತೂಕ ಸುಮಾರು 68 ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ತಿರುಚಲು ಸುಮಾರು 10,000 ನ್ಯೂಟನ್-ಮೀಟರ್ ಬೇಕು. ಅದರ ಹೊಸ್ತಿಲು ಎಷ್ಟು ಎತ್ತರವೆಂದರೆ, ಕುಳಿತುಕೊಳ್ಳುವವರು ಕಾಲನ್ನು ಎತ್ತಿ ದಾಟಿ ಇಳಿಯಬೇಕು.

ಉಕ್ಕಿಗೂ ತನ್ನ ಸ್ಥಾನವಿದೆ. 2001 ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ವಿದ್ಯುತ್ ಕಾರು, ಉಕ್ಕಿನ ಕೊಳವೆಗಳ ಹಂದರದ ಮೇಲೆ ಪ್ಲಾಸ್ಟಿಕ್ ಹೊರಮೈಯನ್ನು ಹೊದ್ದಿತ್ತು. ಸಣ್ಣ ಸಂಖ್ಯೆಯಲ್ಲಿ ಕಟ್ಟುವವರಿಗೆ ಉಕ್ಕಿನ ಹಂದರವು ಅಗ್ಗ, ಬೆಸೆಯಲು ಸುಲಭ.

ಕೀಲುಗಳ ಪ್ರಶ್ನೆ

ಬೆಸುಗೆಯೇ ಅಲ್ಯೂಮಿನಿಯಮ್ಮಿನ ಕಷ್ಟ. ಈ ಲೋಹವು ಸುಮಾರು 660 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆಯು ಕರಗಲು 2,000 ಡಿಗ್ರಿಗಿಂತ ಹೆಚ್ಚು ಬೇಕು. ಉಕ್ಕು ಕರಗುವ ಮುನ್ನ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ ತಟಕ್ಕನೆ ಕುಸಿಯುತ್ತದೆ. ಇವೆರಡನ್ನೂ ನುರಿತ ಕೈಗಳು ನಿಭಾಯಿಸಬಲ್ಲವು. ಕಣ್ಣಿಗೆ ಕಾಣದ ಮೂರನೆಯ ತೊಂದರೆಯೇ ಹೆಚ್ಚು ಅಪಾಯಕರ. ಚಾಸಿಗಳಲ್ಲಿ ಬಳಸುವ 6061 ನಂತಹ ಮಿಶ್ರಲೋಹಗಳ ಶಕ್ತಿಯು, ಹದವಾಗಿ ಕಾಯಿಸಿದಾಗ ಒಳಗೆ ಮೂಡುವ ಅತಿಸೂಕ್ಷ್ಮ ಕಣಗಳಿಂದ ಬಂದದ್ದು. ಬೆಸುಗೆಯ ಶಾಖವು ಆ ಕಣಗಳ ವ್ಯವಸ್ಥೆಯನ್ನು ಕೆಡಿಸುವುದರಿಂದ, ಬೆಸುಗೆಯ ಪಕ್ಕದ ಲೋಹವು ತನ್ನ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಬೆಸುಗೆ ನೋಡಲು ಅಂದವಾಗಿಯೇ ಇರುತ್ತದೆ.

ವಿಮಾನ ಕಟ್ಟುವವರು ಶಾಖವೇ ಬೇಡವೆಂದು ರಿವೆಟುಗಳನ್ನು ಹೊಡೆದರು. ಎಲೀಸಿನ ನಿರ್ಮಾಪಕರು ಎಪಾಕ್ಸಿ ಅಂಟಿನಿಂದ ಪಟ್ಟಿಗಳನ್ನು ಕೂಡಿಸಿ, ಅಂಟು ಸಿಪ್ಪೆಯಂತೆ ಸುಲಿದು ಬರದಿರಲೆಂದು ಅಲ್ಲಲ್ಲಿ ರಿವೆಟಿನಂತಹ ಬಂಧಕಗಳನ್ನು ಸೇರಿಸಿದರು. ಉಕ್ಕಿನ ಬೋಲ್ಟುಗಳು ಅಲ್ಯೂಮಿನಿಯಮ್ಮಿಗೆ ತಾಗುವ ಎಡೆಯಲ್ಲಿ ಮಳೆನೀರು ನಿಂತರೆ ವಿದ್ಯುತ್ಕೋಶವೊಂದು ಏರ್ಪಟ್ಟು ಅಲ್ಯೂಮಿನಿಯಂ ಸವೆಯುತ್ತದೆ. ಎರಡು ಲೋಹಗಳ ನಡುವೆ ವಿದ್ಯುತ್ತು ಹರಿಯದ ಪದರವಿರಬೇಕು.

ಲೋಹಕ್ಕೂ ದಣಿವುಂಟು

ಒಂದು ತಂತಿಯನ್ನು ಮತ್ತೆ ಮತ್ತೆ ಅತ್ತಿತ್ತ ಬಾಗಿಸಿದರೆ ತುಂಡಾಗುವುದನ್ನು ಎಲ್ಲರೂ ಬಲ್ಲರು. ಉಕ್ಕಿಗೆ ಒಂದು ಮಿತಿಯಿದೆ: ಅದಕ್ಕಿಂತ ಕಡಿಮೆ ಒತ್ತಡವನ್ನು ಅದು ಲೆಕ್ಕವಿಲ್ಲದಷ್ಟು ಬಾರಿ ತಾಳಬಲ್ಲದು. ಅಲ್ಯೂಮಿನಿಯಮ್ಮಿಗೆ ಅಂತಹ ಸ್ಪಷ್ಟವಾದ ಮಿತಿಯಿಲ್ಲ. ಸಣ್ಣ ಒತ್ತಡವೂ ಸಾಕಷ್ಟು ಬಾರಿ ಮರುಕಳಿಸಿದರೆ ಕೊನೆಗೆ ಬಿರುಕು ಹುಟ್ಟುವುದು. 1954 ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಪ್ರಯಾಣಿಕರೆಲ್ಲರೂ ಮಡಿದರು. ಅದೇ ಬಗೆಯ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಿದಾಗ, ಕಿಟಕಿಯ ಮೂಲೆಯಿಂದ ಬಿರುಕು ಹಬ್ಬಿದುದು ಕಂಡುಬಂದಿತು.

ಘಟ್ಟದ ಒಂದೊಂದು ತಿರುವೂ, ರಸ್ತೆಯ ಒಂದೊಂದು ಹಳ್ಳವೂ ಚಾಸಿಗೆ ಇಂತಹ ಒಂದು ಬಾಗಾಟ. ಆದುದರಿಂದ ನಿರ್ಮಾಪಕನು ಲೋಹದ ಶಕ್ತಿಯನ್ನೆಲ್ಲ ಬಳಸಿಕೊಳ್ಳದೆ ಒತ್ತಡವನ್ನು ಬಹಳ ತಗ್ಗಿನಲ್ಲಿ ಇಡುತ್ತಾನೆ. ರಂಧ್ರಗಳ ಮೂಲೆಗಳನ್ನು ದುಂಡಾಗಿಸುತ್ತಾನೆ. ಸ್ಪ್ರಿಂಗುಗಳು ಕೂಡುವೆಡೆಗಳಲ್ಲಿ ಲೋಹವನ್ನು ದಪ್ಪವಾಗಿಸಿ ಭಾರವನ್ನು ಹಂಚುತ್ತಾನೆ.

ಕಟ್ಟಹೊರಡುವ ಮುನ್ನ

ಅಲ್ಯೂಮಿನಿಯಂ ಹುಟ್ಟುವುದಕ್ಕೆ ವಿದ್ಯುತ್ತು ಹೇರಳವಾಗಿ ಬೇಕು. ಕಿಲೋಗ್ರಾಂ ಒಂದಕ್ಕೆ ಸುಮಾರು 14 ಯೂನಿಟ್. 68 ಕಿಲೋಗ್ರಾಂ ಚಾಸಿಗೆ ಸುಮಾರು 950 ಯೂನಿಟ್ ಎಂದಾಯಿತು. ಕೊಳ್ಳೇಗಾಲದ ಸಮೀಪದ ಶಿವನಸಮುದ್ರದಲ್ಲಿ 1902 ರಿಂದ ಜಲವಿದ್ಯುತ್ತು ಹುಟ್ಟುತ್ತಿರುವುದನ್ನು ಬಲ್ಲ ಓದುಗರಿಗೆ ಅದರ ಬೆಲೆ ತಿಳಿಯದ್ದಲ್ಲ. ಹಳೆಯ ಲೋಹವನ್ನು ಕರಗಿಸಿ ಮತ್ತೆ ಬಳಸಿದರೆ ಇದರ ಇಪ್ಪತ್ತನೆಯ ಒಂದು ಪಾಲಿನಷ್ಟು ಶಕ್ತಿ ಸಾಕು.

ಕಾನೂನನ್ನೂ ಗಮನಿಸಬೇಕು. ನೋಂದಣಿಯಾದ ಕಾರನ್ನು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸಲು 1988 ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅವಕಾಶ ಕೊಡುವುದಿಲ್ಲ. ಮಾರಾಟಕ್ಕೆ ಹೊಸ ಮಾದರಿಯನ್ನು ತಯಾರಿಸುವವರು ಅದನ್ನು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್‌ನಂತಹ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆಯೂ ಒಂದಿದೆ; ಅದು ಕಾರ್ಖಾನೆಯ ಪರೀಕ್ಷೆಯದೇ ಚಿಕ್ಕ ರೂಪ. ರಟ್ಟಿನಿಂದ ಒಂದು ಮೊಳ ಉದ್ದದ ಚಾಸಿಯನ್ನು ಮಾಡಿ, ಹಿಂದಿನ ತುದಿಯನ್ನು ಮೇಜಿಗೆ ಬಿಗಿಯಿರಿ. ಮುಂದಿನ ತುದಿಗೆ ಅಡ್ಡಲಾಗಿ ಒಂದು ಕೋಲನ್ನು ಕಟ್ಟಿ, ಅದರ ನಡುಭಾಗವನ್ನು ಒಂದು ಮೊನೆಯ ಮೇಲೆ ನಿಲ್ಲಿಸಿ, ಒಂದು ಕೊನೆಗೆ ತೂಕವನ್ನು ತೂಗುಹಾಕಿ, ಆ ಕೊನೆಯು ಎಷ್ಟು ಇಳಿಯಿತೆಂದು ಅಳೆಯಿರಿ. ಬಳಿಕ ಹೊಸ್ತಿಲಿನ ಪೆಟ್ಟಿಗೆಯ ಒಂದು ಮುಖವನ್ನು ಕತ್ತರಿಸಿ, ಅದೇ ತೂಕವನ್ನು ಮತ್ತೆ ಹಾಕಿ. ಎರಡು ಅಳತೆಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡರೆ, ಲೋಹವನ್ನು ಆರಿಸುವುದಕ್ಕೆ ಮೊದಲು ಆಕಾರವನ್ನು ಆರಿಸಬೇಕೆಂಬುದು ಮನದಟ್ಟಾಗುವುದು.