ಔಟ್‌ಬಾಕ್ಸ್‌ನಲ್ಲೇ ಕುಳಿತ ಸ್ಟಾಕ್ ಸ್ಟೇಟ್‌ಮೆಂಟ್

ಕಳೆದ ವರ್ಷ ಗಣೇಶ ಚತುರ್ಥಿಗೆ ಇನ್ನು ಮೂರು ವಾರವಿದೆ ಎನ್ನುವಾಗ ಪಾತ್ರೆ ಅಂಗಡಿಯ ಯಜಮಾನರ ಫೋನ್ ಬಂತು. ಕುಂದಾಪುರ ಕಡೆಯವರು. ನಾಲ್ವತ್ತು ವರ್ಷದಿಂದ ಮುಂಬೈಯ ಉಡುಪಿ ಹೋಟೆಲುಗಳಿಗೆ ಇಡ್ಲಿ ಪಾತ್ರೆ, ದೋಸೆ ಕಲ್ಲು, ಸ್ಟೀಲ್ ಲೋಟ ಪೂರೈಸುತ್ತಾ ಬಂದವರು. ಸಿಟ್ಟು ಮಾಡುವ ಜನವಲ್ಲ. ಅವತ್ತು ಮಾತ್ರ ಧ್ವನಿ ಬೇರೆಯೇ ಇತ್ತು.

‘ಅಲ್ಲ ಮಾರಾಯ್ರೆ, ನೀವು ಸ್ಟೇಟ್‌ಮೆಂಟ್ ಕಳ್ಸಿದ್ದೆ ಅಂದ್ರಿ. ಬ್ಯಾಂಕಿನವ್ರು ಬರ್ಲೇ ಇಲ್ಲ ಅಂತಾರೆ. ಭಾಯಂದರ್‌ನವ್ರಿಗೆ ಕೊಟ್ಟ ಚೆಕ್ಕು ವಾಪಸ್ ಬಂತು. ನಂಗೆ ಇಷ್ಟು ವರ್ಷದಲ್ಲಿ ಹೀಗೆ ಆದದ್ದಿಲ್ಲ.’

ನಾನು ಲೆಕ್ಕಪತ್ರದ ಕೆಲಸದವನು. ಊರು ಹೊನ್ನಾವರ. ಹನ್ನೊಂದು ವರ್ಷ ಡೊಂಬಿವಲಿಯಲ್ಲಿದ್ದು, ಆ ಮಳೆಗಾಲದಲ್ಲಷ್ಟೇ ಬೈಕುಲ್ಲಾಕ್ಕೆ ಮನೆ ಬದಲಿಸಿದ್ದೆ. ಸ್ಟೇಷನ್ನಿಗೆ ನಡೆದೇ ಹೋಗಬಹುದು, ರಾಣಿಬಾಗ್ ಹತ್ತಿರ, ಮಗಳ ಕಾಲೇಜೂ ಹತ್ತಿರ. ಮನೆಯ ಒಂದು ಕೋಣೆಯೇ ಆಫೀಸು. ಹೊಸ ಮನೆಗೆ ಹೊಸ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಹುಡುಗ ಬಂದು ತಂತಿ ಎಳೆದು, ಮೊಬೈಲಿನಲ್ಲಿ ಸ್ಪೀಡ್ ತೋರಿಸಿ, ಸಹಿ ಹಾಕಿಸಿಕೊಂಡು ಹೋದ. ಬ್ಯಾಂಕ್ ಪೋರ್ಟಲ್, ಜಿಎಸ್‌ಟಿ ಪೋರ್ಟಲ್, ಮಗಳ ಸಿನಿಮಾ, ಎಲ್ಲವೂ ಓಡುತ್ತಿದ್ದವು.

ಯಜಮಾನರಿಗೆ ಒಂದು ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಸಾಲವಿದೆ. ಇಂಥ ಸಾಲದಲ್ಲಿ ಪ್ರತಿ ತಿಂಗಳು ಅಂಗಡಿಯ ಸರಕೆಷ್ಟು, ಬರಬೇಕಾದ ಬಾಕಿ ಎಷ್ಟು ಎಂದು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದನ್ನು ನೋಡಿಯೇ ಬ್ಯಾಂಕು ಡ್ರಾಯಿಂಗ್ ಪವರ್ ಲೆಕ್ಕ ಹಾಕುವುದು. ಹಬ್ಬದ ಮುಂಚೆ ಸರಕು ಜಾಸ್ತಿ ತುಂಬಿದ್ದರು. ಹೊಸ ಸ್ಟೇಟ್‌ಮೆಂಟ್ ಹೋದರೆ ಡ್ರಾಯಿಂಗ್ ಪವರ್ ಏರುತ್ತದೆ ಎಂಬ ಧೈರ್ಯದಲ್ಲಿ ಭಾಯಂದರ್‌ನ ಪಾತ್ರೆ ಕಾರ್ಖಾನೆಗೆ ಚೆಕ್ ಬರೆದಿದ್ದರು. ಸ್ಟೇಟ್‌ಮೆಂಟ್ ಕಳಿಸುವುದು ನನ್ನ ಕೆಲಸ. ಕಳಿಸಿಯೂ ಇದ್ದೆ, ಅಥವಾ ಹಾಗೆಂದು ನಂಬಿದ್ದೆ.

ನಡೆದದ್ದು ಇಷ್ಟು. ಕೊನೆಯ ದಿನದ ರಾತ್ರಿ ಔಟ್‌ಲುಕ್‌ನಲ್ಲಿ ಸೆಂಡ್ ಒತ್ತಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಔಟ್‌ಬಾಕ್ಸ್‌ನಲ್ಲಿ ‘1’ ಎಂಬ ಅಂಕಿ. ಹೊಸ ಮೇಲ್‌ಗಳು ಬರುತ್ತಲೇ ಇದ್ದವು, ಹೋಗುವುದು ಮಾತ್ರ ಇಲ್ಲ. ಬರುವ ಮೇಲಿಗೂ ಹೋಗುವ ಮೇಲಿಗೂ ದಾರಿ ಬೇರೆ ಬೇರೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿದೆ. ‘ಇಂಟರ್‌ನೆಟ್ ಚಲ್ ರಹಾ ಹೈ ನಾ, ಸರ್?’ ಎಂದರು. ಚಲ್ ರಹಾ ಥಾ. ಅಲ್ಲಿಗೆ ದೂರು ಮುಗಿಯಿತು.

ನನ್ನ ಮೇಲ್ ವಿಳಾಸ ಬ್ರಾಡ್‌ಬ್ಯಾಂಡ್‌ನವರದ್ದಲ್ಲ, ಜಿಮೇಲ್‌ನದ್ದೂ ಅಲ್ಲ. ಆಫೀಸಿನ ಹೆಸರಿನಲ್ಲಿ ಒಂದು ಡೊಮೇನ್ ಕೊಂಡು, ಬೆಂಗಳೂರಿನ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಇಟ್ಟಿದ್ದೇನೆ. ಅಂದರೆ ತಂತಿ ಒಬ್ಬರದ್ದು, ಮೇಲ್ ಸರ್ವರ್ ಮೂರನೆಯವರದ್ದು. ಹೊರನಾಡಿನಲ್ಲಿ ಸ್ವಂತ ಕಸುಬು ಮಾಡುವ ಬಹಳಷ್ಟು ಜನರ ವ್ಯವಸ್ಥೆ ಹೀಗೆಯೇ ಇರುತ್ತದೆ. ಮನೆ ಬದಲಾದರೂ ವಿಳಾಸ ಬದಲಾಗಬಾರದು ಎಂಬುದೇ ಅದರ ಉದ್ದೇಶ.

ಮೊದಲು ಹೀಗಿರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿದಾಗ ಸಂಪರ್ಕದ ಜೊತೆಗೇ ಮೇಲ್ ವಿಳಾಸವೂ ಸಿಗುತ್ತಿತ್ತು. ಫೋರ್ಟಿನಲ್ಲಿ ಕ್ಲಿಯರಿಂಗ್ ಏಜೆಂಟ್ ಆಗಿದ್ದ ನನ್ನ ಚಿಕ್ಕಪ್ಪನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಜಿಐಎಎಸ್‌ಬಿಎಂ01’ ಎಂದು ಶುರುವಾಗುವ ಉದ್ದನೆಯ ಬಾಲವಿತ್ತು. ಬಿಎಂ ಎಂದರೆ ಬಾಂಬೆ. ಬೆಂಗಳೂರಿನವರದ್ದಾದರೆ ಅಲ್ಲಿ ಬಿಜಿ. ಊರು ಬಿಟ್ಟರೆ ವಿಳಾಸವನ್ನೂ ಬಿಡಬೇಕು. ಆದರೆ ಒಂದು ಅನುಕೂಲವಿತ್ತು. ತಂತಿಯೂ ಸರ್ವರೂ ಒಬ್ಬರದ್ದೇ ಆದ್ದರಿಂದ ಕಳಿಸುತ್ತಿರುವವರು ಯಾರು ಎಂದು ಪ್ರತ್ಯೇಕವಾಗಿ ಕೇಳಬೇಕಾದ ಅಗತ್ಯವೇ ಅವರಿಗೆ ಇರಲಿಲ್ಲ.

ಆ ಬೆಳಿಗ್ಗೆ ನಾನು ಮಾಡಿದ ತಪ್ಪು ಇದು. ಗಡಿಬಿಡಿಯಲ್ಲಿ ಔಟ್‌ಲುಕ್‌ನ ಸೆಟ್ಟಿಂಗ್‌ಗೆ ಹೋಗಿ, ಹೊರಹೋಗುವ ಸರ್ವರ್ ಇದ್ದ ಜಾಗದಲ್ಲಿ ಜಿಮೇಲ್‌ನ ಸರ್ವರ್ ಹಾಕಿದೆ. ಅದು ಮಾಮೂಲಿ ಪಾಸ್‌ವರ್ಡ್ ಒಪ್ಪಲಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಂಡು ಹಾಕಿದೆ. ಔಟ್‌ಬಾಕ್ಸ್ ಖಾಲಿಯಾಯಿತು. ಸೆಂಟ್ ಫೋಲ್ಡರ್‌ನಲ್ಲಿ ನನ್ನ ಆಫೀಸಿನ ವಿಳಾಸದಿಂದಲೇ ಹೋದಂತೆ ಕಾಣುತ್ತಿತ್ತು. ಚಹಾ ಕುಡಿದೆ.

ಜಿಮೇಲ್ ತನ್ನ ಸರ್ವರ್ ಮೂಲಕ ಬೇರೆ ವಿಳಾಸದ ಹೆಸರಿನಲ್ಲಿ ಮೇಲ್ ಕಳಿಸಲು ಸುಮ್ಮನೆ ಬಿಡುವುದಿಲ್ಲ. ಆ ವಿಳಾಸ ನಿಮ್ಮದೇ ಎಂದು ಅದರ ಸೆಟ್ಟಿಂಗ್‌ನಲ್ಲಿ ಮೊದಲೇ ಖಾತ್ರಿ ಮಾಡಿಸಿರಬೇಕು. ಇಲ್ಲದಿದ್ದರೆ ‘ಇಂದ’ ಎಂಬ ಜಾಗದಲ್ಲಿ ನಿಮ್ಮ ಜಿಮೇಲ್ ವಿಳಾಸವನ್ನೇ ಬರೆದು ಕಳಿಸುತ್ತದೆ. ನನ್ನ ಲ್ಯಾಪ್‌ಟಾಪಿನ ಪ್ರತಿಯಲ್ಲಿ ಆಫೀಸಿನ ವಿಳಾಸ, ಬ್ಯಾಂಕಿಗೆ ಮುಟ್ಟಿದ ಪ್ರತಿಯಲ್ಲಿ ನಾನು ಡಿಗ್ರಿ ಓದುವಾಗ ಮಾಡಿಕೊಂಡ ಜಿಮೇಲ್ ವಿಳಾಸ! ಹುಟ್ಟಿದ ವರ್ಷ, ಆಗಿನ ಅಡ್ಡಹೆಸರು ಎರಡೂ ಸೇರಿದ ಆ ವಿಳಾಸವನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ, ಒಂದು ಎಕ್ಸೆಲ್ ಫೈಲ್ ಅಂಟಿಸಿಕೊಂಡು ಬಂದ ಮೇಲನ್ನು ಬ್ಯಾಂಕಿನ ಸಿಬ್ಬಂದಿ ತೆರೆಯಲಿಲ್ಲ. ನೋಂದಾಯಿತ ವಿಳಾಸದಿಂದ ಬಂದದ್ದನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಅವರಿಗೆ ಸೂಚನೆಯಿದೆ. ಈ ದಿನಗಳಲ್ಲಿ ಅವರು ಮಾಡಿದ್ದೇ ಸರಿ.

ಯಜಮಾನರ ಫೋನ್ ಬಂದ ಮೇಲೆ ಬೆಂಗಳೂರಿನ ಹೋಸ್ಟಿಂಗ್ ಕಂಪನಿಗೆ ಕರೆ ಮಾಡಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಒಬ್ಬಳು ಹುಡುಗಿ ಎತ್ತಿದಳು, ನನ್ನ ಇಂಗ್ಲಿಷ್ ಕೇಳಿ ತಾನಾಗಿಯೇ ಕನ್ನಡಕ್ಕೆ ಬಂದಳು. ‘ಸರ್, ಔಟ್‌ಗೋಯಿಂಗ್ ಪೋರ್ಟ್ ಎಷ್ಟಿದೆ ನೋಡಿ.’ 25 ಇತ್ತು. ‘ಮನೆ ನೆಟ್ಟಾ? ಮನೆ ನೆಟ್‌ನಲ್ಲಿ 25 ಬ್ಲಾಕ್ ಇರತ್ತೆ ಸರ್. 587 ಹಾಕಿ, ಸ್ಟಾರ್ಟ್‌ಟಿಎಲ್‌ಎಸ್ ಸೆಲೆಕ್ಟ್ ಮಾಡಿ, ಆಥೆಂಟಿಕೇಶನ್ ಟಿಕ್ ಮಾಡಿ. ಯೂಸರ್‌ನೇಮ್ ಪೂರ್ತಿ ಮೇಲ್ ಐಡಿ ಕೊಡಿ, ಬರೀ ಹೆಸರಲ್ಲ.’ ಎರಡು ನಿಮಿಷದ ಕೆಲಸ. ಡೊಂಬಿವಲಿಯ ಹಳೆಯ ಸಂಪರ್ಕದವರು 25ನ್ನು ಮುಚ್ಚಿರಲಿಲ್ಲ, ಅದಕ್ಕೇ ಇಷ್ಟು ವರ್ಷ ಗೊತ್ತಾಗಲಿಲ್ಲ.

ಹಾಗಾದರೆ ಬ್ರಾಡ್‌ಬ್ಯಾಂಡ್‌ನವರು ಹೇಳದೆ ಕೇಳದೆ ಬಾಗಿಲು ಮುಚ್ಚಿದ್ದು ಸರಿಯೇ? ಎರಡು ದಿನ ನನಗೂ ಸಿಟ್ಟಿತ್ತು. ಆಮೇಲೆ ಸ್ವಲ್ಪ ಓದಿದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ಒಬ್ಬರಿಗೊಬ್ಬರು ಗೊತ್ತಿದ್ದ ವಿಶ್ವವಿದ್ಯಾಲಯ, ಸಂಶೋಧನಾಲಯಗಳವರೇ. ಮೇಲ್ ಕೊಡುವವರೂ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವವರೂ 25 ಎಂಬ ಒಂದೇ ಬಾಗಿಲಲ್ಲಿ ಬರುತ್ತಿದ್ದರು. ನಮ್ಮ ಸಿಎಸ್‌ಎಂಟಿ ಪಕ್ಕದ ಜಿಪಿಒವನ್ನು ನೆನೆಸಿಕೊಳ್ಳಿ. ಹಿಂದಿನ ಬಾಗಿಲಲ್ಲಿ ಬೇರೆ ಊರುಗಳ ಅಂಚೆ ಚೀಲಗಳು ಇಳಿಯುತ್ತವೆ. ಅಲ್ಲಿ ಪ್ರತಿ ಕಾಗದದ ಮಾಲೀಕ ಯಾರೆಂದು ಯಾರೂ ಕೇಳುವುದಿಲ್ಲ. ಮುಂದೆ ಕೌಂಟರ್ ಇದೆ, ಅಲ್ಲಿ ಕೊಡುವವನ ಮುಖ ಕಾಣುತ್ತದೆ. ಸಾರ್ವಜನಿಕರೂ ಹಿಂದಿನ ಬಾಗಿಲಲ್ಲೇ ಚೀಲ ಎಸೆದು ಹೋಗತೊಡಗಿದರೆ ಏನಾದೀತು? ಅದೇ ಆಯಿತು. ವೈರಸ್ ಹತ್ತಿದ ಮನೆಯ ಕಂಪ್ಯೂಟರುಗಳು, ಮಾಲೀಕರಿಗೆ ಗೊತ್ತೇ ಇಲ್ಲದಂತೆ, ರಾತ್ರಿಯಿಡೀ ಜಗತ್ತಿನ ಸರ್ವರುಗಳಿಗೆ 25ರ ಮೂಲಕ ಕಸದ ಮೇಲ್ ಸುರಿಯತೊಡಗಿದವು.

1998ರಲ್ಲಿ ಕೌಂಟರಿಗಾಗಿ 587 ಎಂಬ ಬೇರೆ ಬಾಗಿಲು ಗೊತ್ತುಮಾಡಿದರು. ಹೆಸರು, ಪಾಸ್‌ವರ್ಡ್ ಹೇಳಿ ಒಳಗೆ ಬರಬೇಕು. ಆಮೇಲೆ ಮನೆ ಸಂಪರ್ಕಗಳಿಗೆ 25ನ್ನು ಮುಚ್ಚುವ ಪದ್ಧತಿ ಒಂದೊಂದೇ ದೇಶದಲ್ಲಿ ಬಂತು. ಬ್ರೆಜಿಲ್‌ನಲ್ಲಂತೂ 2012ರ ಸುಮಾರಿಗೆ ಇಡೀ ದೇಶದ ಮನೆ ಸಂಪರ್ಕಗಳಲ್ಲಿ ಇದನ್ನು ಒಟ್ಟಿಗೆ ಜಾರಿಗೆ ತಂದರು. 465 ಎಂದೂ ಒಂದು ಬಾಗಿಲಿದೆ. ಅಲ್ಲಿ ಮೊದಲ ಅಕ್ಷರದಿಂದಲೇ ಮಾತು ಗೂಢಲಿಪಿಯಲ್ಲಿ ನಡೆಯುತ್ತದೆ. ನಡುವೆ ಅದನ್ನು ಕೈಬಿಟ್ಟಿದ್ದರು, 2018ರಿಂದ ಮತ್ತೆ ಅದನ್ನೇ ಬಳಸಿ ಎನ್ನುತ್ತಿದ್ದಾರೆ. ನಿಮ್ಮ ಹೋಸ್ಟಿಂಗ್‌ನವರು ಎರಡನ್ನೂ ಕೊಟ್ಟಿದ್ದರೆ ಯಾವುದಾದರೂ ಆದೀತು. ಗೂಢಲಿಪಿ ಇಲ್ಲದೆ ಪಾಸ್‌ವರ್ಡ್ ಕಳಿಸುವ ಆಯ್ಕೆಯನ್ನು ಮಾತ್ರ ಒತ್ತಬೇಡಿ, ಅದರಲ್ಲೂ ಹೋಟೆಲ್, ಏರ್‌ಪೋರ್ಟುಗಳ ವೈಫೈನಲ್ಲಿ.

ನಮ್ಮ ಕಟ್ಟಡಗಳ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಬಹಳ ಕಂಪನಿಗಳು ಮನೆಗೊಂದು ಸ್ವಂತ ಐಪಿ ವಿಳಾಸ ಕೊಡುವುದಿಲ್ಲ, ನೂರಾರು ಮನೆಗಳಿಗೆ ಒಂದೇ ಐಪಿ. ಚಾಳಿನಲ್ಲಿ ಎಲ್ಲರಿಗೂ ಒಂದೇ ನಲ್ಲಿ ಇದ್ದ ಹಾಗೆ. ಮೂರನೇ ಮಹಡಿಯ ಒಬ್ಬನ ಕಂಪ್ಯೂಟರ್ ಕೆಟ್ಟರೆ ಅದರ ಕೆಟ್ಟ ಹೆಸರು ಎಲ್ಲ ಮನೆಗೂ. ಜೊತೆಗೆ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಜಗತ್ತಿನ ಮನೆ ಸಂಪರ್ಕಗಳ ಐಪಿಗಳು ಇರುತ್ತವೆ. ಯಾರೋ ಒಂದು ವೆಬ್‌ಸೈಟಿನಲ್ಲಿ ತಮ್ಮ ಐಪಿ ಹಾಕಿ ನೋಡಿ, ‘ನಾವು ಬ್ಲ್ಯಾಕ್‌ಲಿಸ್ಟ್ ಆಗಿದ್ದೇವೆ’ ಎಂದು ಹೆದರುವುದುಂಟು. ನಾನೂ ಹೆದರಿದೆ. ಆ ಪಟ್ಟಿ ಅಪರಾಧಿಗಳ ಪಟ್ಟಿಯಲ್ಲ. ‘ಈ ಐಪಿ ಮನೆಯದ್ದು, ಇಲ್ಲಿಂದ ನೇರವಾಗಿ ಮೇಲ್ ಬಂದರೆ ತೆಗೆದುಕೊಳ್ಳಬೇಡಿ’ ಎಂದಷ್ಟೇ ಅದರ ಅರ್ಥ. ಪಾಸ್‌ವರ್ಡ್ ಕೊಟ್ಟು ಸರ್ವರ್ ಮೂಲಕ ಹೋಗುವವರಿಗೆ ಅದರಿಂದ ತೊಂದರೆಯಾಗಬಾರದು.

587 ಹಾಕಿದ ಮೇಲೆ ಸ್ಟೇಟ್‌ಮೆಂಟನ್ನು ಮತ್ತೆ ಕಳಿಸಿದೆ. ಬ್ಯಾಂಕಿಗೆ ಫೋನ್ ಮಾಡಿ ಕೇಳಿದರೆ, ಬಂದಿದೆ, ಆದರೆ ಸ್ಪ್ಯಾಮ್‌ನಲ್ಲಿದೆ! ಮತ್ತೆ ಬೆಂಗಳೂರಿನ ಹುಡುಗಿ. ‘ಎಸ್‌ಪಿಎಫ್ ಸರಿ ಇಲ್ಲ ಸರ್.’

ಎಸ್‌ಪಿಎಫ್ ಎಂದರೆ ನಮ್ಮ ಡೊಮೇನಿನ ದಾಖಲೆಯಲ್ಲಿ ಬರೆದಿಡುವ ಒಂದು ಸಾಲು. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಯಾವ ಸರ್ವರಿಗೆ ಒಪ್ಪಿಗೆಯಿದೆ ಎಂಬ ಅಧಿಕಾರಪತ್ರ. ನನ್ನದರಲ್ಲಿ ಎಷ್ಟೋ ವರ್ಷ ಹಿಂದಿನ ಹೋಸ್ಟಿಂಗ್‌ನವರ ಹೆಸರಿತ್ತು. ಹೊಸಬರದ್ದನ್ನು ಸೇರಿಸಲು ಹೋಗಿ ನಾನು ಎರಡನೆಯ ಸಾಲು ಬರೆದೆ, ಅದೂ ತಪ್ಪೇ. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎಲ್ಲ ಸರ್ವರುಗಳನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಕು. ಡಿಕೆಐಎಂ ಎನ್ನುವುದು ಪ್ರತಿ ಮೇಲಿಗೂ ಸರ್ವರ್ ಹಾಕುವ ಮೊಹರು, ಹೋಸ್ಟಿಂಗ್‌ನವರ ಪುಟದಲ್ಲಿ ಒಂದು ಗುಂಡಿ ಒತ್ತಿ ಶುರು ಮಾಡಿದೆ. ಈ ಎರಡೂ ಸರಿಯಿಲ್ಲದ ಮೇಲನ್ನು ಏನು ಮಾಡಬೇಕೆಂದು ಹೇಳುವುದು ಡಿಎಂಎಆರ್‌ಸಿ. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಎರಡೂ ಬಿಗಿಯಾಗಿವೆ. ಜಿಮೇಲ್ ಬಳಕೆದಾರರಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಚಿಲ್ಲರೆ ಜನಕ್ಕೂ ಎಸ್‌ಪಿಎಫ್, ಡಿಕೆಐಎಂಗಳಲ್ಲಿ ಒಂದಾದರೂ ಬೇಕೇ ಬೇಕು.

ಎಲ್ಲ ಮುಗಿಸಿ ನನ್ನ ಆ ಹಳೆಯ ಜಿಮೇಲಿಗೇ ಒಂದು ಮೇಲ್ ಕಳಿಸಿ, ಅದರ ಮೂಲ ತೆರೆದು ನೋಡಿದೆ. ಎಸ್‌ಪಿಎಫ್ ಪಾಸ್, ಡಿಕೆಐಎಂ ಪಾಸ್. ಇದನ್ನು ಯಾರು ಬೇಕಾದರೂ ನೋಡಬಹುದು. ಜಿಮೇಲ್‌ನಲ್ಲಿ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿದರೆ ಮೂಲ ತೋರಿಸುವ ಆಯ್ಕೆ ಇದೆ. ‘ಇಂದ’ ಎಂಬಲ್ಲಿ ಯಾವ ವಿಳಾಸ ಇದೆಯೆಂಬುದೂ ಅಲ್ಲೇ ಗೊತ್ತಾಗುತ್ತದೆ. ಸೆಂಟ್ ಫೋಲ್ಡರನ್ನು ನಾನು ಈಗ ನಂಬುವುದಿಲ್ಲ. ಮನೆಯೋ ಬ್ರಾಡ್‌ಬ್ಯಾಂಡೋ ಬದಲಾದ ದಿನ, ಯಾರಿಗೂ ತುರ್ತಿಲ್ಲದಾಗ, ಹೀಗೊಂದು ಮೇಲ್ ಕಳಿಸಿ ನೋಡುತ್ತೇನೆ.

ಮೂರು ದಿನದ ನಂತರ ಯಜಮಾನರ ಡ್ರಾಯಿಂಗ್ ಪವರ್ ಏರಿತು. ಭಾಯಂದರ್‌ಗೆ ಅವರು ತಾವೇ ಲೋಕಲ್ ಹಿಡಿದು ಹೋಗಿ, ಮಾಲೀಕರನ್ನು ಮುಖತಃ ಕಂಡು, ಹೊಸ ಚೆಕ್ ಕೊಟ್ಟು ಬಂದರು. ನಾನೂ ಬರುತ್ತೇನೆ ಎಂದರೆ ಬೇಡ ಎಂದರು. ‘ನೀವ್ ಬಂದ್ರೆ ಅವ್ರಿಗೆ ಪೋರ್ಟು ಗೀರ್ಟು ಅಂತ ಹೇಳ್ತೀರಿ. ಅವ್ರಿಗೆ ಬೇಕಾದ್ದು ಅದಲ್ಲ.’

ಆ ತಿಂಗಳ ನನ್ನ ಫೀಸಿನಲ್ಲಿ ಚೆಕ್ ವಾಪಸಿನ ಶುಲ್ಕವನ್ನು ಕಳೆದು ಬಿಲ್ ಮೇಲ್ ಮಾಡಿದೆ. ಹತ್ತು ನಿಮಿಷದಲ್ಲಿ ಫೋನ್.

‘ಬಿಲ್ ಬಂತು ಮಾರಾಯ್ರೆ. ಕಮ್ಮಿ ಯಾಕೆ ಹಾಕಿದ್ರಿ?’